ಒಬ್ಬರನ್ನೊಬ್ಬರು: ಮನೆಯವರೆಲ್ಲರಿಗೂ ಒಂದು ವ್ಯಾಕರಣ ಪಾಠ

ಈ ವಾರ ನಿಮ್ಮ ಮಗನ ಅಥವಾ ಮಗಳ ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ಸ್ವಲ್ಪ ತೆರೆದು ನೋಡಿ. ಸರ್ವನಾಮಗಳ ಪಾಠದಲ್ಲಿ, ಬಹುಮಟ್ಟಿಗೆ ಕೊನೆಯಲ್ಲಿ, ಎರಡು ಮೂರು ಸಾಲಿನ ಒಂದು ಭಾಗ ಇರುತ್ತದೆ. ಅದರ ಹೆಸರು 'ರೆಸಿಪ್ರೊಕಲ್ ಪ್ರೊನೌನ್ಸ್'. ಉದಾಹರಣೆಗೆ 'ಈಚ್ ಅದರ್' ಮತ್ತು 'ವನ್ ಅನದರ್'. ಇಬ್ಬರಿದ್ದರೆ ಮೊದಲನೆಯದನ್ನು ಬಳಸಬೇಕು, ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಎರಡನೆಯದನ್ನು ಬಳಸಬೇಕು ಎಂದು ಹೇಳಿ ಪುಸ್ತಕ ಮುಂದಿನ ಪಾಠಕ್ಕೆ ಹೋಗುತ್ತದೆ. ಮಗು ಅಷ್ಟನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿ ಬರುತ್ತದೆ. ಆ ಎರಡು ಸಾಲುಗಳಲ್ಲಿ ಇನ್ನೂ ಬಹಳ ಇದೆ ಎಂಬುದೇ ಈ ಲೇಖನದ ವಿಷಯ.

ಕುಟುಂಬದ ಪುಟದಲ್ಲಿ ವ್ಯಾಕರಣವೇಕೆ ಎಂದು ಕೆಲವರು ಕೇಳಬಹುದು. ಹತ್ತಿಮತ್ತೂರಿನಂಥ ಊರಿನಲ್ಲಿ, ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ, ಮನೆಯಲ್ಲಿ ಕುಳಿತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರು ಕಡಿಮೆ. 'ನಮಗದು ಬರಂಗಿಲ್ರಿ' ಎಂದು ತಂದೆತಾಯಿಗಳು ಕೈಚೆಲ್ಲುತ್ತಾರೆ. ಆದರೆ ಈ ಒಂದು ಪಾಠವನ್ನು ಇಂಗ್ಲಿಷ್ ಬಾರದ ತಾಯಿಯೂ ಹೇಳಿಕೊಡಬಲ್ಲಳು. ಏಕೆಂದರೆ ಇದರ ಅರ್ಧ ಭಾಗ ಕನ್ನಡದಲ್ಲೇ ಇದೆ. ಇದೇ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು, ಕನ್ನಡದ ಕವಿಯಾಗಿ 1990ರ ಜ್ಞಾನಪೀಠ ಪ್ರಶಸ್ತಿಯನ್ನೂ ಪಡೆದರು. ಎರಡು ಭಾಷೆಗಳು ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ನಮ್ಮ ಶಾಲೆಯ ಕನ್ನಡ ವ್ಯಾಕರಣಗಳಲ್ಲಿ ಸರ್ವನಾಮಗಳನ್ನು ಸಾಮಾನ್ಯವಾಗಿ ಪುರುಷಾರ್ಥಕ, ಆತ್ಮಾರ್ಥಕ, ಪ್ರಶ್ನಾರ್ಥಕ ಎಂದು ಮೂರಾಗಿ ವಿಂಗಡಿಸುತ್ತಾರೆ. ನಾನು, ನೀನು, ಅವನು ಎಂಬವು ಮೊದಲನೆಯ ಗುಂಪು. ತಾನು, ತಾವು ಎಂಬವು ಎರಡನೆಯದು. ಯಾರು, ಏನು, ಯಾವುದು ಎಂಬವು ಮೂರನೆಯದು. 'ಒಬ್ಬರನ್ನೊಬ್ಬರು' ಎಂಬ ಪದಕ್ಕೆ ಅಲ್ಲಿ ಜಾಗವಿಲ್ಲ. 'ಒಬ್ಬ' ಎಂಬುದು ಎಣಿಕೆಗೆ ಸೇರಿದ ಪದ, ಸಂಖ್ಯೇಯವಾಚಕ. ಆದ್ದರಿಂದ ಅದನ್ನು ಆ ಗುಂಪಿನಲ್ಲಿಟ್ಟು ಸುಮ್ಮನಾಗುತ್ತಾರೆ. ಹೀಗಾಗಿ ದಿನಕ್ಕೆ ಹತ್ತು ಸಲ ಆಡುವ ಈ ಮಾತಿಗೆ ವ್ಯಾಕರಣದಲ್ಲಿ ಒಂದು ಹೆಸರಿದೆ ಎಂಬುದು ನಮ್ಮ ಮಗುವಿಗೆ ಮೊದಲು ತಿಳಿಯುವುದು ಇಂಗ್ಲಿಷ್ ತರಗತಿಯಲ್ಲಿ. ಕನ್ನಡದಲ್ಲಿ ಇದನ್ನು ಪರಸ್ಪರಾರ್ಥಕ ಸರ್ವನಾಮ ಎಂದು ಕರೆಯಬಹುದು.

ಈಗ ಪದವನ್ನು ಬಿಡಿಸೋಣ. ಒಬ್ಬರನ್ನು + ಒಬ್ಬರು = ಒಬ್ಬರನ್ನೊಬ್ಬರು. ಇದು ಲೋಪಸಂಧಿ; ಮಗುವಿಗೆ ಗೊತ್ತಿರುತ್ತದೆ. ಮೊದಲನೆಯ 'ಒಬ್ಬರನ್ನು' ದ್ವಿತೀಯಾ ವಿಭಕ್ತಿಯಲ್ಲಿದೆ, ಅದು ಕ್ರಿಯೆಯ ಫಲವನ್ನು ಪಡೆಯುವ ಕರ್ಮ. ಎರಡನೆಯ 'ಒಬ್ಬರು' ಪ್ರಥಮಾ ವಿಭಕ್ತಿಯಲ್ಲಿದೆ, ಅದು ಕ್ರಿಯೆಯನ್ನು ಮಾಡುವ ಕರ್ತೃ. 'ಅಂತೋಣಿ ಮತ್ತು ತೆರೇಸಾ ಒಬ್ಬರನ್ನೊಬ್ಬರು ಕ್ಷಮಿಸಿದರು' ಎಂದು ಹೇಳಿದರೆ ಆ ಒಂದು ವಾಕ್ಯದಲ್ಲಿ ಎರಡು ವಾಕ್ಯಗಳಿವೆ. ಅಂತೋಣಿ ತೆರೇಸಾಳನ್ನು ಕ್ಷಮಿಸಿದ. ತೆರೇಸಾ ಅಂತೋಣಿಯನ್ನು ಕ್ಷಮಿಸಿದಳು. ಮೊದಲನೆಯದರಲ್ಲಿ ಕರ್ತೃವಾದವನು ಎರಡನೆಯದರಲ್ಲಿ ಕರ್ಮವಾಗುತ್ತಾನೆ. ಇವೆರಡರಲ್ಲಿ ಒಂದು ನಡೆಯದಿದ್ದರೂ 'ಒಬ್ಬರನ್ನೊಬ್ಬರು' ಎಂಬ ಮಾತು ಸುಳ್ಳಾಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತಮಿಳಿನ 'ಒರುವರೈ ಒರುವರ್', ತೆಲುಗಿನ 'ಒಕರಿನೊಕರು' ಕೂಡ ಇದೇ ರೀತಿ ಪಡೆಯುವವರನ್ನು ಮುಂದಿಟ್ಟು ಮಾಡುವವರನ್ನು ಹಿಂದಿಡುತ್ತವೆ. ಸಂಸ್ಕೃತದ 'ಅನ್ಯೋನ್ಯ'ದಲ್ಲಿ ಕ್ರಮ ತಿರುಗುಮುರುಗು. ಅನ್ಯಃ ಎಂಬ ಕರ್ತೃರೂಪ ಮೊದಲು, ಬಳಿಕ ಇನ್ನೊಮ್ಮೆ ಅನ್ಯ. 'ಇನ್ನೊಬ್ಬ, ಇನ್ನೊಬ್ಬ' ಎಂದಷ್ಟೇ ಅದರ ಅರ್ಥ. ಅದರಲ್ಲಿ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಆದರೆ ಕನ್ನಡಿಗರು ಆ ಪದವನ್ನು ಎರವಲು ತಂದು ಅದಕ್ಕೆ ತಮ್ಮದೇ ಅರ್ಥ ಕೊಟ್ಟರು. 'ಗಂಡ ಹೆಂಡತಿ ಬಹಳ ಅನ್ಯೋನ್ಯವಾಗಿದ್ದಾರೆ' ಎನ್ನುತ್ತೇವೆ. ವ್ಯಾಕರಣದ ಒಂದು ಒಣ ಸರ್ವನಾಮ ನಮ್ಮ ಬಾಯಲ್ಲಿ ಒಳ್ಳೆಯ ದಾಂಪತ್ಯದ ಹೆಸರಾಯಿತು. ಕೊಂಕಣಿ ಮಾತಾಡುವ ಓದುಗರು 'ಎಕಾಮೆಕಾ' ಎಂಬ ತಮ್ಮ ಪದವನ್ನು ಇದರ ಪಕ್ಕದಲ್ಲಿಟ್ಟು ನೋಡಲಿ. ಅಲ್ಲಿಯೂ 'ಒಂದು' ಎಂಬ ಎಣಿಕೆಯೇ ಇದೆ.

ಇನ್ನು ಇಂಗ್ಲಿಷಿಗೆ ಬರೋಣ. ನಮ್ಮ ಮಕ್ಕಳು ಹೆಚ್ಚು ತಪ್ಪುವುದು ಪದದಲ್ಲಿ ಅಲ್ಲ, ವಿಭಕ್ತಿಯಲ್ಲಿ. ಕನ್ನಡದಲ್ಲಿ ವಿಭಕ್ತಿ ಪದದ ಒಳಗೇ ಸೇರಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದು ಹೊರಗೆ, ಪದದ ಮುಂದೆ, ಬೇರೆಯೇ ಆಗಿ ನಿಲ್ಲುತ್ತದೆ. ಒಬ್ಬರನ್ನೊಬ್ಬರು ಎಂದರೆ ಬರೀ 'ಈಚ್ ಅದರ್'. ಒಬ್ಬರಿಗೊಬ್ಬರು ಎಂದರೆ 'ಟು ಈಚ್ ಅದರ್', ಕೆಲವೆಡೆ 'ಫಾರ್ ಈಚ್ ಅದರ್'. ಒಬ್ಬರೊಡನೊಬ್ಬರು ಎಂದರೆ 'ವಿತ್ ಈಚ್ ಅದರ್'. ಒಬ್ಬರಿಂದೊಬ್ಬರು ಎಂದರೆ 'ಫ್ರಮ್ ಈಚ್ ಅದರ್'. ಆದ್ದರಿಂದ 'ದೇ ಟಾಕ್ಡ್ ಈಚ್ ಅದರ್' ಎಂದು ಬರೆದ ಮಗುವನ್ನು ಬೈಯುವ ಮೊದಲು, 'ಒಬ್ಬರನ್ನೊಬ್ಬರು ಮಾತಾಡಿದರು ಅಂತೀವೇನು?' ಎಂದು ಕೇಳಿ. ಮಗುವೇ 'ಇಲ್ಲ, ಒಬ್ಬರಿಗೊಬ್ಬರು' ಎನ್ನುತ್ತದೆ; 'ಟು' ತಾನಾಗಿ ಬರುತ್ತದೆ. ಈ ಉಪಾಯ ಎಲ್ಲ ಕಡೆಯೂ ನಡೆಯುವುದಿಲ್ಲ. 'ಒಬ್ಬರಿಗೊಬ್ಬರು ಸಹಾಯ ಮಾಡಿರಿ' ಎಂಬಲ್ಲಿ ಕನ್ನಡಕ್ಕೆ 'ಗೆ' ಬೇಕು, ಇಂಗ್ಲಿಷಿನ 'ಹೆಲ್ಪ್ ಈಚ್ ಅದರ್'ಗೆ ಏನೂ ಬೇಡ. ಅಂಥವನ್ನು ಬಳಸಿ ಬಳಸಿಯೇ ಕಲಿಯಬೇಕು. ಇನ್ನು 'ಒಬ್ಬರ ಮನೆಗೊಬ್ಬರು' ಎನ್ನುವಾಗಿನ 'ಈಚ್ ಅದರ್ಸ್' ಬರೆಯುವಾಗ ಮೇಲಿನ ಚುಕ್ಕೆ, ಅಪಾಸ್ಟ್ರಫಿ, ಆರ್ ಮತ್ತು ಎಸ್ ಅಕ್ಷರಗಳ ನಡುವೆ ಬರುತ್ತದೆ, ಎಸ್ ಆದ ಮೇಲಲ್ಲ. ಹಾಗೆಯೇ ಈ ಪದ ವಾಕ್ಯದ ಕರ್ತೃವಾಗಿ ತಾನೇ ಮುಂದೆ ಬಂದು ನಿಲ್ಲಲಾರದು. ಕನ್ನಡದಲ್ಲೂ ಯಾರು ಎಂದು ಹೇಳದೆ 'ಒಬ್ಬರನ್ನೊಬ್ಬರು ಬಂದರು' ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಇಬ್ಬರಿಗೆ 'ಈಚ್ ಅದರ್', ಹೆಚ್ಚಿನವರಿಗೆ 'ವನ್ ಅನದರ್' ಎಂಬ ನಿಯಮದ ಬಗ್ಗೆ ಒಂದು ಮಾತು. ಇದು ಹಳೆಯ ಕಾಲದ ವ್ಯಾಕರಣಕಾರರು ಹಾಕಿದ ಬೇಲಿ. ಇಂಗ್ಲಿಷಿನ ಒಳ್ಳೆಯ ಬರಹಗಾರರು ಅದನ್ನು ಎಂದೂ ಬಿಗಿಯಾಗಿ ಪಾಲಿಸಿಲ್ಲ. 1926ರಲ್ಲಿ ಹೊರಬಂದ ತಮ್ಮ ಪ್ರಸಿದ್ಧ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಫೌಲರ್ ಎಂಬ ವಿದ್ವಾಂಸರು, ಈ ಭೇದದಿಂದ ಇಂದು ಪ್ರಯೋಜನವೂ ಇಲ್ಲ, ಅದಕ್ಕೆ ಹಿಂದಿನ ಬಳಕೆಯ ಆಧಾರವೂ ಇಲ್ಲ ಎಂದು ಹೇಳಿಬಿಟ್ಟರು. ಹಾಗೆಂದು ಮಗುವಿಗೆ ಪರೀಕ್ಷೆಯಲ್ಲಿ ಅದನ್ನು ಮುರಿಯಲು ಹೇಳಬೇಡಿ. ಅಂಕ ಕೊಡುವವರು ಫೌಲರ್ ಅಲ್ಲ. ಶಿಶುನಾಳ ಶರೀಫರು ಮತ್ತು ಅವರ ಗುರು ಗೋವಿಂದಭಟ್ಟರ ಬಗ್ಗೆ ಬರೆಯುವಾಗ 'ಈಚ್ ಅದರ್' ಎನ್ನಲಿ, ಇಡೀ ತರಗತಿಯ ಬಗ್ಗೆ ಬರೆಯುವಾಗ 'ವನ್ ಅನದರ್' ಎನ್ನಲಿ. ಅಷ್ಟು ಸಾಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಭೇದವಿದೆ. ಅದನ್ನು ಕಲಿಸುವವರು ಕಡಿಮೆ. 'ಅವರು ಹೊಗಳಿಕೊಂಡರು' ಎಂಬ ಕನ್ನಡ ವಾಕ್ಯವನ್ನು ಮಗುವಿಗೆ ಕೊಡಿ. ಪ್ರತಿಯೊಬ್ಬರೂ ತಮ್ಮನ್ನು ತಾವೇ ಹೊಗಳಿಕೊಂಡರೇ, ಅಥವಾ ಅವರು ಇವರನ್ನು, ಇವರು ಅವರನ್ನು ಹೊಗಳಿದರೇ? ಕನ್ನಡದ 'ಕೊಳ್ಳು' ಎರಡಕ್ಕೂ ಒಗ್ಗುತ್ತದೆ. ಇಂಗ್ಲಿಷ್ ಇಲ್ಲಿ ಒಪ್ಪುವುದಿಲ್ಲ. ಮೊದಲನೆಯದಕ್ಕೆ 'ದೆಮ್‌ಸೆಲ್ವ್ಸ್', ಎರಡನೆಯದಕ್ಕೆ 'ಈಚ್ ಅದರ್', ಆರಿಸಿಕೊಳ್ಳಲೇಬೇಕು. ಕನ್ನಡದಲ್ಲಿ ಆತ್ಮಾರ್ಥಕವೂ ಪರಸ್ಪರಾರ್ಥಕವೂ ಎಷ್ಟೋ ಸಲ ಒಂದರೊಳಗೊಂದು ಬೆರೆಯುತ್ತವೆ. 'ಅಣ್ಣತಮ್ಮಂದಿರು ತಮ್ಮ ತಮ್ಮಲ್ಲೇ ಹಂಚಿಕೊಂಡರು' ಎಂಬಲ್ಲಿ ಪದ 'ತಾವು', ಆದರೆ ಅರ್ಥ 'ಒಬ್ಬರಿಗೊಬ್ಬರು'. ಇದು ಕನ್ನಡದ ದೋಷವಲ್ಲ. ಹಲವು ಭಾಷೆಗಳು ಹೀಗೆಯೇ ಮಾಡುತ್ತವೆ.

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಕನ್ನಡಕ್ಕೆ ಸರ್ವನಾಮವೇ ಇಲ್ಲದೆ 'ಒಬ್ಬರನ್ನೊಬ್ಬರು' ಎಂಬ ಅರ್ಥ ಕೊಡುವ ಇನ್ನೊಂದು ದಾರಿಯಿದೆ. ಅದು ಕ್ರಿಯಾಪದದ ಕೊನೆಯಲ್ಲಿ ಸೇರುವ 'ಆಡು'. ತೂಗಾಡು, ಓಡಾಡು, ಅಲೆದಾಡು ಎಂಬಲ್ಲಿ ಅದು ಅತ್ತಿಂದಿತ್ತ, ಇತ್ತಿಂದತ್ತ ಆಗುವ ಚಲನೆಯನ್ನು ಹೇಳುತ್ತದೆ. ಆ ಅತ್ತಿತ್ತಲಿನ ಚಲನೆ ಇಬ್ಬರು ಮನುಷ್ಯರ ನಡುವೆ ನಡೆದರೆ ಅದೇ ಪರಸ್ಪರ ಕ್ರಿಯೆ. ಹೊಡೆ ಎಂಬುದು ಹೊಡೆದಾಡು ಆಯಿತು. ಬಡಿ, ಬಡಿದಾಡು. ಗುದ್ದು, ಗುದ್ದಾಡು. ಕಚ್ಚು, ಕಚ್ಚಾಡು. ಕೀಳು, ಕಿತ್ತಾಡು. ಬೈ, ಬೈದಾಡು. ಕಾದಾಡು, ಜಗಳಾಡು, ಗುಂಪು ದೊಡ್ಡದು. ನೀವು ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಂಥ ಪದಗಳ ಪಟ್ಟಿ ಮಾಡಿ ನೋಡಿ. ಸಂಜೆಯ ಜಪಸರಕ್ಕೂ ಊಟಕ್ಕೂ ನಡುವೆ ಒಳ್ಳೆಯ ಆಟವಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮಾತಾಡು, ಒಡನಾಡು, ಸರಸವಾಡು ಎಂಬ ಕೆಲವನ್ನು ಬಿಟ್ಟರೆ ಪಟ್ಟಿಯ ಬಹುಪಾಲು ಜಗಳವೇ. 'ಕ್ಷಮಿಸಾಡು' ಎಂಬ ಪದ ಇಲ್ಲ. 'ಪ್ರೀತಿಸಾಡು' ಇಲ್ಲ. 'ನಂಬಾಡು' ಇಲ್ಲ. ಹೊಡೆದಾಟಕ್ಕೆ ಒಂದೇ ಪದ ಸಾಕು; ಕ್ಷಮೆಗೆ ಮಾತ್ರ 'ಒಬ್ಬರನ್ನೊಬ್ಬರು' ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಹೆಸರಿಸಿ ನಿಲ್ಲಿಸಬೇಕು. ಇದರಿಂದ ಕನ್ನಡಿಗರ ಸ್ವಭಾವದ ಬಗ್ಗೆ ಸಿದ್ಧಾಂತ ಕಟ್ಟುವುದು ಬೇಡ, ಭಾಷೆಗಳಲ್ಲಿ ಹೀಗೆ ಆಗುತ್ತದೆ. ಆದರೂ ಇದರಲ್ಲಿ ತರ್ಕವಿದೆ ಎಂದು ನನಗೆ ತೋರುತ್ತದೆ. ಜಗಳದಲ್ಲಿ ಯಾರು ಮಾಡಿದರು, ಯಾರಿಗೆ ಆಯಿತು ಎಂಬುದು ಕಲಸಿಹೋಗುತ್ತದೆ. ಕ್ಷಮೆಯಲ್ಲಿ ಹಾಗೆ ಕಲಸಿಹೋಗಲು ಬರುವುದಿಲ್ಲ.

ಈ ಕಲಸುವಿಕೆಯಲ್ಲೇ ಒಂದು ಅಪಾಯ ಅಡಗಿದೆ. ಧರ್ಮಕೇಂದ್ರದ ಗುರುಗಳ ಬಾಗಿಲಿಗೆ ಬರುವ ಸುದ್ದಿಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ: 'ಗಂಡ ಹೆಂಡ್ತಿ ಹೊಡೆದಾಡ್ಯಾರ್ರಿ, ಫಾದರ್. ಇಬ್ಬರಿಗೂ ಬುದ್ಧಿ ಹೇಳ್ರಿ.' ಈ ವಾಕ್ಯವನ್ನು ನಾನು ಕೇಳಿದ ಕೂಡಲೇ ನಂಬುವುದಿಲ್ಲ. ಯಾರು ಯಾರನ್ನು ಹೊಡೆದರು ಎಂದು ಕೇಳುತ್ತೇನೆ. ಕೇಳಿದಾಗ ಬಹಳ ಸಲ ಸಿಗುವ ಉತ್ತರ ಬೇರೆಯೇ. ಅವನು ಹೊಡೆದಿದ್ದಾನೆ, ಅವಳು ಕೈ ಅಡ್ಡ ಹಿಡಿದಿದ್ದಾಳೆ. ಅಲ್ಲಿ ಹೊಡೆದಾಟ ನಡೆದಿಲ್ಲ, ಹೊಡೆತ ನಡೆದಿದೆ. ಪರಸ್ಪರಾರ್ಥಕದ ನಿಯಮವನ್ನು ಆಗಲೇ ಹೇಳಿದೆ. ಎರಡು ವಾಕ್ಯಗಳಲ್ಲಿ ಒಂದು ನಡೆಯದಿದ್ದರೆ ಇಡೀ ಮಾತು ಸುಳ್ಳು. ಆದರೆ ಹೊಡೆಸಿಕೊಂಡವಳ ತವರಿನವರೂ, ನೆರೆಹೊರೆಯವರೂ, ಹಿರಿಯರೂ ಈ ಸುಳ್ಳನ್ನೇ ಆಡುತ್ತಾರೆ. 'ಆಡು' ಎಂಬ ಎರಡಕ್ಷರ ತಪ್ಪನ್ನು ಇಬ್ಬರಿಗೂ ಸಮನಾಗಿ ಹಂಚಿಬಿಡುತ್ತದೆ, ಮನೆಯ ಮಾನವೂ ಉಳಿದಂತೆ ಕಾಣುತ್ತದೆ. ಬಳಿಕ ನಡೆಯುವ ರಾಜಿಯೂ ಅದೇ ವ್ಯಾಕರಣದಲ್ಲಿ ನಡೆಯುತ್ತದೆ: 'ಒಬ್ಬರಿಗೊಬ್ಬರು ಹೊಂದಿಕೊಂಡು ಹೋಗ್ರಿ.' ಹೊಂದಿಕೊಳ್ಳಬೇಕಾದವಳು ಒಬ್ಬಳೇ ಎಂಬುದು ಅಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ ಈ ವಿಷಯದಲ್ಲಿ ನಮಗಿಂತ ಒಳ್ಳೆಯ ವ್ಯಾಕರಣ ಬಲ್ಲದು. ನೊಂದ ವ್ಯಕ್ತಿ ಯಾರು, ದೂರು ಯಾರ ಮೇಲೆ ಎಂದು ಅದು ಬೇರೆ ಬೇರೆಯಾಗಿಯೇ ಕೇಳುತ್ತದೆ. ಮಕ್ಕಳ ವಿಷಯದಲ್ಲೂ ಹೀಗೆಯೇ. 'ಅಣ್ಣತಮ್ಮಂದಿರು ಕಿತ್ತಾಡ್ತಾವ' ಎನ್ನುವ ತಾಯಿ, ದಿನವೂ ದೊಡ್ಡವನೇ ಚಿಕ್ಕವನ ತಟ್ಟೆಯಿಂದ ಕಿತ್ತುಕೊಳ್ಳುತ್ತಿದ್ದರೆ, ಅದನ್ನು ಆ ಒಂದು ಪದದಿಂದ ಮುಚ್ಚಿಬಿಡಬಹುದು.

ತರ್ಕಶಾಸ್ತ್ರ ಓದಿದವರಿಗೆ ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಇಬ್ಬರಿದ್ದರೆ ಲೆಕ್ಕ ಸುಲಭ, ಎರಡು ದಿಕ್ಕು. ಒಂದು ಮನೆಯಲ್ಲಿ ಐವರಿದ್ದು 'ಅವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ' ಎಂದರೆ ಎಷ್ಟು ಪ್ರೀತಿಗಳಾದವು? ಪ್ರತಿಯೊಬ್ಬರೂ ಉಳಿದ ನಾಲ್ವರನ್ನು. ಐದು ನಾಲ್ಕಲಿ ಇಪ್ಪತ್ತು. ಸೊಸೆ ಬಂದು ಆರಾದರೆ ಮೂವತ್ತು. ಒಂದೇ ಜನ ಹೆಚ್ಚಾದರೂ ಹತ್ತು ಹೊಸ ಸಂಬಂಧಗಳು ಹುಟ್ಟುತ್ತವೆ. ಹೊಸ ಸೊಸೆಗೆ ಮೊದಲ ವರ್ಷ ಏಕೆ ಭಾರ ಎಂಬುದಕ್ಕೆ ಈ ಗಣಿತವೂ ಒಂದು ಕಾರಣವಿರಬಹುದು. ಆದರೆ ಎಲ್ಲ 'ಒಬ್ಬರನ್ನೊಬ್ಬರು' ಇಷ್ಟು ಕಟ್ಟುನಿಟ್ಟಲ್ಲ. 'ಮಕ್ಕಳು ಒಬ್ಬರ ಹಿಂದೊಬ್ಬರು ನಿಂತರು' ಎಂಬುದನ್ನು ನೋಡಿ. ರೂಪ ಅದೇ. ಆದರೆ ನಾನು ನಿಮ್ಮ ಹಿಂದೆ, ಅದೇ ಹೊತ್ತಿಗೆ ನೀವು ನನ್ನ ಹಿಂದೆ ನಿಲ್ಲಲು ಸಾಧ್ಯವೇ? ಅಲ್ಲಿ ಇರುವುದು ಸರಪಳಿ, ವಿನಿಮಯವಲ್ಲ. ಮೊದಲನೆಯವನು ಯಾರ ಹಿಂದೆಯೂ ಇಲ್ಲ. 'ಒಂದರ ಮೇಲೊಂದು ಇಟ್ಟ ಚೀಲಗಳು' ಎಂಬುದೂ ಹಾಗೆಯೇ. ಇಂಗ್ಲಿಷಿನಲ್ಲಿ ಇಂಥ ಕಡೆ 'ವನ್ ಬಿಹೈಂಡ್ ಅನದರ್', 'ವನ್ ಆಫ್ಟರ್ ಅನದರ್' ಎಂದು ಬಿಡಿಸಿ ಬರೆಯುವುದು ವಾಸಿ.

ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಹಳ್ಳಿಯ ಪದ ಹೇಳಿ ಮುಂದೆ ಹೋಗುತ್ತೇನೆ. ನನ್ನ ಹೊಲದ ಕೆಲಸಕ್ಕೆ ಇಂದು ನಿಮ್ಮ ಮನೆಯ ಆಳು ಬಂದರೆ ನಾಳೆ ನಿಮ್ಮ ಹೊಲಕ್ಕೆ ನನ್ನ ಮನೆಯ ಆಳು ಬರಬೇಕು. ಅವನಿಗೆ ಮುಯ್ಯಾಳು ಎನ್ನುತ್ತಾರೆ. ಮದುವೆಯಲ್ಲಿ ಕೊಟ್ಟು ಮುಂದೊಮ್ಮೆ ತಿರುಗಿ ಪಡೆಯುವುದೂ ಮುಯ್ಯಿ. ಸೇಡು ತೀರಿಸಿಕೊಂಡರೆ ಅದೂ ಮುಯ್ಯಿಯೇ: 'ಮುಯ್ಯಿಗೆ ಮುಯ್ಯಿ'. ಉಪಕಾರಕ್ಕೂ ಅಪಕಾರಕ್ಕೂ ಒಂದೇ ಪದವಾದದ್ದು ಆಕಸ್ಮಿಕವಲ್ಲ. ಬಂದದ್ದನ್ನು ಅಷ್ಟೇ ಅಳತೆಯಲ್ಲಿ ಹಿಂದಿರುಗಿಸುವುದು ಎಂಬುದಷ್ಟೇ ಅದರ ತಿರುಳು. ಮುಯ್ಯಿಗೆ ಲೆಕ್ಕ ಬೇಕು. 'ಒಬ್ಬರಿಗೊಬ್ಬರು' ಎಂಬ ಸರ್ವನಾಮಕ್ಕೆ ಲೆಕ್ಕ ಗೊತ್ತಿಲ್ಲ. ಅದು ಯಾರು ಎಷ್ಟು ಕೊಟ್ಟರು ಎಂದು ಹೇಳುವುದೇ ಇಲ್ಲ.

ಈ ಪುಟ್ಟ ಸರ್ವನಾಮಕ್ಕೆ ಪವಿತ್ರ ಗ್ರಂಥದಲ್ಲಿ ದೊಡ್ಡ ಪಾತ್ರವಿದೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ 'ಒಬ್ಬರಿಗೊಬ್ಬರು' ಎನ್ನಲು ಬೇರೆ ಸರ್ವನಾಮವಿಲ್ಲ. 'ಮನುಷ್ಯನು ತನ್ನ ನೆರೆಯವನಿಗೆ' ಎಂದೋ 'ಮನುಷ್ಯನು ತನ್ನ ಸಹೋದರನಿಗೆ' ಎಂದೋ ಹೇಳುತ್ತಾರೆ. ಅದು ಅವರಿಗೆ ಬರೀ ವ್ಯಾಕರಣ, ಸಂಬಂಧದ ಮಾತೇ ಅಲ್ಲ. ವಿಮೋಚನಾಕಾಂಡ 26:3ರಲ್ಲಿ ಗುಡಾರದ ಪರದೆಗಳನ್ನು ಒಂದಕ್ಕೊಂದು ಜೋಡಿಸಬೇಕು ಎನ್ನುವಾಗ ಮೂಲದಲ್ಲಿ ಇರುವುದು 'ಸ್ತ್ರೀಯು ತನ್ನ ಸಹೋದರಿಗೆ' ಎಂಬ ಮಾತು. ಪರದೆ ಎಂಬ ಪದ ಅಲ್ಲಿ ಸ್ತ್ರೀಲಿಂಗ! ಆದರೆ ಆದಿಕಾಂಡ 37:19ಕ್ಕೆ ಬಂದಾಗ ಆ ವ್ಯಾಕರಣ ಮೈ ಜುಮ್ಮೆನಿಸುತ್ತದೆ. ಜೋಸೆಫನು ದೂರದಿಂದ ಬರುತ್ತಿರುವುದನ್ನು ಕಂಡು ಅವನ ಅಣ್ಣಂದಿರು ಅವನನ್ನು ಕೊಲ್ಲುವ ಮಾತನ್ನು ಒಬ್ಬರಿಗೊಬ್ಬರು ಆಡಿಕೊಳ್ಳುತ್ತಾರೆ. ಹೀಬ್ರೂವಿನಲ್ಲಿ ಅದು 'ಮನುಷ್ಯನು ತನ್ನ ಸಹೋದರನಿಗೆ' ಹೇಳಿದ ಮಾತು. ಸಹೋದರನನ್ನು ಕೊಲ್ಲುವ ಸಂಚು ನಡೆಯುವ ವಾಕ್ಯದೊಳಗೇ ಸಹೋದರ ಎಂಬ ಪದ ಕುಳಿತಿದೆ. ಅನುವಾದದಲ್ಲಿ ಅದು ಕಾಣದೇ ಹೋಗುತ್ತದೆ.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಗೆ ಇದಕ್ಕಾಗಿಯೇ ಒಂದು ಪದವಿದೆ: 'ಅಲ್ಲೇಲೋನ್'. 'ಇನ್ನೊಬ್ಬ' ಎಂಬುದನ್ನು ಎರಡು ಸಲ ಹೇಳಿ ಕೂಡಿಸಿದ ಪದ, ನಮ್ಮ ಅನ್ಯೋನ್ಯದಂತೆಯೇ. ಅದಕ್ಕೆ ಪ್ರಥಮಾ ವಿಭಕ್ತಿಯೇ ಇಲ್ಲ. ಹೊಸ ಒಡಂಬಡಿಕೆಯಲ್ಲಿ ಅದು ಸುಮಾರು ನೂರು ಕಡೆ ಬರುತ್ತದೆ. ಯೊವಾನ್ನನ ಶುಭಸಂದೇಶದ 13ನೆಯ ಅಧ್ಯಾಯದ 34 ಮತ್ತು 35ನೆಯ ವಚನಗಳಲ್ಲಿ, ಯೇಸುಸ್ವಾಮಿ ಕೊಟ್ಟ ಹೊಸ ಆಜ್ಞೆಯಲ್ಲಿ, ಮೂರು ಸಲ ಬಂದಿದೆ. ಯಕೋಬನ ಪತ್ರ 5:16ರಲ್ಲಿ ಪಾಪಗಳನ್ನು ಅರಿಕೆ ಮಾಡಿಕೊಳ್ಳುವುದಕ್ಕೂ ಪ್ರಾರ್ಥಿಸುವುದಕ್ಕೂ ಇದೇ ಪದ. ಗಲಾತ್ಯರಿಗೆ ಬರೆದ ಪತ್ರದ 5:15ರಲ್ಲಿ ಸಂತ ಪೌಲರು 'ಕಚ್ಚು' ಎಂಬ ಕ್ರಿಯಾಪದದ ಜೊತೆ ಇದನ್ನು ಸೇರಿಸುತ್ತಾರೆ. ಗ್ರೀಕರಿಗೆ ಎರಡು ಪದ ಬೇಕಾದಲ್ಲಿ ನಮ್ಮ ಹಳ್ಳಿಯವರಿಗೆ ಒಂದೇ ಸಾಕು: ಕಚ್ಚಾಡು. ಅದೇ ಪತ್ರದ 6:2ರಲ್ಲಿ ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಹೇಳಿ, ಮೂರೇ ವಚನಗಳ ಮುಂದೆ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರುವನು ಎನ್ನುತ್ತಾರೆ. ಇದು ವಿರೋಧವಲ್ಲವೇ ಎಂದು ಓದುಗರಿಗೆ ಅನ್ನಿಸಬಹುದು. ಗ್ರೀಕಿನಲ್ಲಿ ಭಾರಕ್ಕೆ ಒಂದು ಪದ, ಹೊರೆಗೆ ಇನ್ನೊಂದು ಪದ ಇದೆ. ಆದರೆ ನಮ್ಮ ಹೊಲದಿಂದ ಹುಲ್ಲಿನ ಹೊರೆ ತರುವ ಹೆಂಗಸರಿಗೆ ನಿಘಂಟು ಬೇಕಾಗಿಲ್ಲ. ಹೊರೆಯನ್ನು ತಲೆಯ ಮೇಲೆ ಹೊತ್ತು ಮನೆಗೆ ನಡೆಯುವುದು ಒಬ್ಬಳೇ. ಅದನ್ನು ನೆಲದಿಂದ ತಲೆಗೇರಿಸಲು ಮಾತ್ರ ಇನ್ನೊಬ್ಬಳು ಬೇಕು. ತನ್ನ ಹೊರೆ ಏರಿದ ಮೇಲೆ, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯನ್ನು ಗೆಳತಿಯ ಹೊರೆಗೆ ಕೊಡುತ್ತಾಳೆ.

ಕೊಲೊಸ್ಸೆಯರಿಗೆ ಬರೆದ ಪತ್ರದ 3:13 ವ್ಯಾಕರಣದ ದೃಷ್ಟಿಯಿಂದ ಕುತೂಹಲದ್ದು. ಸಹಿಸಿಕೊಳ್ಳುವ ಮಾತಿಗೆ 'ಅಲ್ಲೇಲೋನ್' ಇದೆ. ಕ್ಷಮಿಸುವ ಮಾತಿಗೆ ಬಂದಾಗ ಆತ್ಮಾರ್ಥಕ ಸರ್ವನಾಮ, ಅಂದರೆ 'ತಮಗೆ ತಾವು' ಎಂಬ ರೂಪ ಇದೆ. ಅರ್ಥ 'ಒಬ್ಬರನ್ನೊಬ್ಬರು' ಎಂದೇ. ನಮ್ಮ 'ತಮ್ಮ ತಮ್ಮಲ್ಲೇ' ಇದ್ದ ಹಾಗೆ. ಲತೀನ್ ಪೂಜಾಗ್ರಂಥದಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಕರೆಯೂ ಹೀಗೆಯೇ 'ನಿಮಗೆ' ಎಂಬ ಪದದಿಂದ ಕೆಲಸ ತೆಗೆದುಕೊಳ್ಳುತ್ತದೆ.

ಮದುವೆಯ ಪೂಜೆಗಳಲ್ಲಿ ಆಗಾಗ ಓದುವ ಎಫೆಸಿಯರಿಗೆ ಬರೆದ ಪತ್ರದ 5ನೆಯ ಅಧ್ಯಾಯವನ್ನು ಮಾತ್ರ ಬಿಟ್ಟು ಮುಂದೆ ಹೋಗಲಾರೆ. ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂಬ 22ನೆಯ ವಚನ ಎಲ್ಲ ಗಂಡಸರಿಗೂ ಬಾಯಿಪಾಠವಿದೆ. ಅದರ ಹಿಂದಿನ 21ನೆಯ ವಚನದಲ್ಲಿ ಸಂತ ಪೌಲರು ಎಲ್ಲರಿಗೂ ಒಬ್ಬರಿಗೊಬ್ಬರು ವಿಧೇಯರಾಗಿರಲು ಹೇಳಿದ್ದಾರೆ. ಅಲ್ಲಿಯೂ ಅದೇ ಪರಸ್ಪರಾರ್ಥಕ ಸರ್ವನಾಮ. ಅಷ್ಟೇ ಅಲ್ಲ, ಬಹಳ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ 22ನೆಯ ವಚನಕ್ಕೆ ಕ್ರಿಯಾಪದವೇ ಇಲ್ಲ! ಅದು 21ರ ಕ್ರಿಯಾಪದವನ್ನೇ ಕಡ ತಂದು ನಿಂತಿದೆ. ಕಡ ತಂದ ಮನೆಯನ್ನು ಮರೆತು, ತಂದ ವಸ್ತುವನ್ನು ತಮ್ಮದೆಂದು ತೋರಿಸುವುದು ಸರಿಯಲ್ಲ. ಪೋಪ್ ಎರಡನೆಯ ಜಾನ್ ಪೌಲರು 1988ರ ತಮ್ಮ 'ಮುಲಿಯೆರಿಸ್ ದಿಗ್ನಿತಾತೆಮ್' ಪತ್ರದಲ್ಲಿ ಈ ಭಾಗವನ್ನು ಪರಸ್ಪರ ವಿಧೇಯತೆ ಎಂದೇ ವಿವರಿಸಿದರು. ಪೋಪ್ ಫ್ರಾನ್ಸಿಸರು 2016ರ 'ಅಮೋರಿಸ್ ಲೆತಿತ್ಸಿಯಾ'ದಲ್ಲಿ ಅದೇ ವಿವರಣೆಗೆ ಮರಳಿದರು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೆಯ ಕಾನೂನು ವಿವಾಹದ ಸಮ್ಮತಿಯನ್ನು ವಿವರಿಸುವಾಗ ಲತೀನಿನಲ್ಲಿ ಎರಡು ಪುಟ್ಟ ಪದಗಳನ್ನು ಅಕ್ಕಪಕ್ಕ ಇಡುತ್ತದೆ: 'ಸೇಸೇ' ಎಂದರೆ ತಮ್ಮನ್ನು ತಾವು, 'ಮೂತುವೊ' ಎಂದರೆ ಪರಸ್ಪರ. ಬಳಿಕ ಕೊಡುವ ಮತ್ತು ಸ್ವೀಕರಿಸುವ ಎರಡು ಕ್ರಿಯಾಪದಗಳು. ವಧುವನ್ನು ತಂದೆ ಕೊಟ್ಟ, ವರ ಪಡೆದ ಎಂಬ ವ್ಯಾಕರಣ ಅಲ್ಲಿಲ್ಲ. ನಮ್ಮ ಕಡೆ ಹೆಣ್ಣು 'ಕೊಡುವ' ಮನೆ, 'ತರುವ' ಮನೆ ಎಂದು ಮಾತಾಡುತ್ತೇವೆ, ಸಂಬಂಧ ಹೇಳಲು ಅದು ಬೇಕಾಗಬಹುದು. ಆದರೆ ಪೀಠದ ಮುಂದೆ ಕೊಡುವವರೂ ಇಬ್ಬರು, ಸ್ವೀಕರಿಸುವವರೂ ಅದೇ ಇಬ್ಬರು. ಕನ್ನಡದಲ್ಲಿ ಇದನ್ನು ಹೇಳಲು ಇಲ್ಲಿಯವರೆಗೆ ಕಲಿತ ಎಲ್ಲವೂ ಬೇಕಾಗುತ್ತದೆ: ತಮ್ಮನ್ನು ತಾವು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ 'ದೇ ಗಿವ್ ದೆಮ್‌ಸೆಲ್ವ್ಸ್ ಟು ಈಚ್ ಅದರ್'.

ಇನ್ನು ಮಕ್ಕಳಿಗೆ ಮನೆಗೆಲಸ. ಮೊದಲು ಕನ್ನಡ ಹೇಳಿ, ಇಂಗ್ಲಿಷ್ ಅವರೇ ಬರೆಯಲಿ. ಉತ್ತರವನ್ನು ಕೈಯಿಂದ ಮುಚ್ಚಿಡಿ. 'ಅಕ್ಕ ತಂಗಿ ಒಬ್ಬರಿಗೊಬ್ಬರು ಪತ್ರ ಬರೆಯುತ್ತಾರೆ': 'ದ ಸಿಸ್ಟರ್ಸ್ ರೈಟ್ ಟು ಈಚ್ ಅದರ್'. 'ಹುಡುಗರು ಒಬ್ಬರ ಹಿಂದೊಬ್ಬರು ನಿಂತರು': 'ದ ಬಾಯ್ಸ್ ಸ್ಟುಡ್ ವನ್ ಬಿಹೈಂಡ್ ಅನದರ್'. 'ನೆರೆಯವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು': 'ದ ನೇಬರ್ಸ್ ಟಾಕ್ಡ್ ಅಮಂಗ್ ದೆಮ್‌ಸೆಲ್ವ್ಸ್'. ಕೊನೆಯದು, 'ಅಣ್ಣ ತಮ್ಮನನ್ನು ಹೊಡೆದ, ತಮ್ಮ ಅತ್ತ'. ಇಲ್ಲಿ 'ಈಚ್ ಅದರ್' ಬರೆದ ಮಗುವಿಗೆ ಅಂಕವಿಲ್ಲ.